ಫ್ರೆಂಚ್ ಬಾರದೆ ದಾಲಿದಾಳನ್ನು ಹಾಡಿದ್ದು: ನನ್ನ ಅನುಭವ

ಈಜಿಪ್ಟಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಹೆಸರಾದ ಗಾಯಕಿ ದಾಲಿದಾಳ ಬದುಕು ಮತ್ತು ಹಾಡುಗಳ ಮೇಲೆ ಒಂದೂವರೆ ಗಂಟೆಯ ಕಾರ್ಯಕ್ರಮ ಮಾಡ್ತೀನಿ, ಬೆಂಗಳೂರಿನಲ್ಲಿ ಜನ ಟಿಕೆಟ್ ಕೊಂಡು ಬರ್ತಾರೆ ಅಂದಾಗ ಯಾರೂ ನಂಬಲಿಲ್ಲ. ನಮ್ಮ ಕೀಬೋರ್ಡ್ ಹುಡುಗನೇ, "ಅಕ್ಕಾ, ಆ ಹೆಸರೇ ಯಾರಿಗೂ ಗೊತ್ತಿಲ್ಲ. ಸುಮ್ನೆ ಒಂದು ರೆಟ್ರೊ ನೈಟ್ ಮಾಡೋಣ" ಅಂದಿದ್ದ. ಕಳೆದ ಸಲ ಹಾಲ್ ಹೆಚ್ಚುಕಡಿಮೆ ತುಂಬಿತ್ತು. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. ಆರ್ಕೆಸ್ಟ್ರಾದಲ್ಲಿ ಹಾಡುವವರಿಗೆ ಮೈಕು, ಟ್ರ್ಯಾಕು, ಸ್ಕೇಲು ನಾನು ಹೇಳಿಕೊಡಬೇಕಾಗಿಲ್ಲ. ನೇರ ವಿಷಯಕ್ಕೆ ಬರ್ತೀನಿ.

ಶುರುವಿನಲ್ಲಿ ವರ್ಷದ ಪ್ರಕಾರ ಕಥೆ ಹೇಳುತ್ತಾ ಹೋದೆ. 1933ರಲ್ಲಿ ಕೈರೋದ ಶುಬ್ರಾದಲ್ಲಿ ಹುಟ್ಟು. ನಿಜವಾದ ಹೆಸರು ಯೊಲಾಂಡಾ ಜಿಲ್ಯೊತ್ತಿ. ಮನೆತನ ಇಟಲಿಯ ಕಲಾಬ್ರಿಯಾದ್ದು, ಅಪ್ಪ ಕೈರೋ ಒಪೆರಾದಲ್ಲಿ ಪಿಟೀಲು ವಾದಕ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಅಲ್ಲಿನ ಇಟಾಲಿಯನ್ನರನ್ನು ಸೆರೆ ಶಿಬಿರಕ್ಕೆ ಹಾಕಿದಾಗ ಅಪ್ಪನೂ ಅಲ್ಲಿಗೆ ಹೋದ. 1954ರಲ್ಲಿ ಈಕೆ ಮಿಸ್ ಈಜಿಪ್ಟ್. ಅದೇ ಡಿಸೆಂಬರ್‌ನಲ್ಲಿ ಸಿನಿಮಾ ನಟಿಯಾಗಬೇಕು ಅಂತ ಪ್ಯಾರಿಸ್ಸಿಗೆ ಹೊರಟಳು. ನಾನು ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನವರು ಕಾಫಿಗೆ ಎದ್ದಿರುತ್ತಿದ್ದರು. ಹಿಂದೆ ಸ್ಕ್ರೀನ್ ಹಾಕಿ ಫೋಟೋ ತೋರಿಸಿದೆ. ಜನ ಸ್ಕ್ರೀನ್ ನೋಡಿದರು, ಹಾಡು ಕೇಳಲಿಲ್ಲ. ಹಾಲ್ ಬಾಡಿಗೆ ಹನ್ನೆರಡು ಸಾವಿರದ ಹತ್ತಿರ, ಸೌಂಡಿಗೆ ಎಂಟು, ನುಡಿಸುವವರಿಗೆ ತಲಾ ಮೂರರ ಹಾಗೆ. ಹಾಡಿನ ಲೈಸೆನ್ಸ್ ಫೀಸು ಬೇರೆ. ಜೊತೆಗೆ ಮಿಂಚುವ ಗೌನ್ ಹೊಲಿಸಿದ್ದಕ್ಕೆ ಹದಿನಾಲ್ಕು ಸಾವಿರ ಚಿಲ್ಲರೆ. ಮೊದಲ ಪ್ರದರ್ಶನದಲ್ಲಿ ಕೈಯಿಂದ ಹೋದದ್ದು ಇಪ್ಪತ್ತೈದು ಸಾವಿರದ ಆಸುಪಾಸು.

ಇನ್ನು ಉಚ್ಚಾರಣೆ. ಫ್ರೆಂಚ್ ಹೇಳಿಕೊಡುವ ಒಬ್ಬರು ನನ್ನ ಹಾಡು ಕೇಳಿ, "ನಿಮ್ಮ ರಕಾರ ಸರಿಯಿಲ್ಲ, ಗಂಟಲಿಂದ ಬರಬೇಕು. ಹೀಗೇ ಹಾಡಿದ್ರೆ ಜನ ನಗ್ತಾರೆ" ಅಂದರು. ತಿಂಗಳುಗಟ್ಟಲೆ ಗಂಟಲು ಉಜ್ಜಿದೆ. ದನಿ ಕೂತುಹೋಯಿತೇ ಹೊರತು ರಕಾರ ಬರಲಿಲ್ಲ. ಆಮೇಲೆ ಮೂಲ ರೆಕಾರ್ಡುಗಳನ್ನು ನಿಧಾನ ಮಾಡಿ ಕೇಳಿದೆ. ದಾಲಿದಾಳ ರಕಾರ ನಾಲಿಗೆ ತುದಿಯಲ್ಲೇ ಉರುಳುತ್ತದೆ, ನಮ್ಮದರ ಹಾಗೆ! ಮೂವತ್ತು ವರ್ಷ ಪ್ಯಾರಿಸ್ಸಿನಲ್ಲಿದ್ದರೂ ಆಕೆ ಅದನ್ನು ಬಿಡಲಿಲ್ಲ. ಆ ಹೊರಗಿನ ಉಚ್ಚಾರಣೆಯೇ ಆಕೆಯ ಗುರುತಾಯಿತು. ಫ್ರಾನ್ಸಿನವರು ಅದನ್ನೇ ಪ್ರೀತಿಸಿದರು. ಕನ್ನಡದ ನಾಲಿಗೆಗೆ ಆಕೆಯ ಹಾಡು ಕೂರುತ್ತದೆ ಅನ್ನೋದು ಅಲ್ಲೇ ನನಗೆ ಖಾತ್ರಿಯಾಯಿತು.

ಹಾಡುಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. ಇಟಾಲಿಯನ್ ಸಲೀಸು. ಅಲ್ಲಿನ ಒತ್ತುಗಳು ನಮ್ಮ ಒತ್ತಕ್ಷರದ ಹಾಗೇ ಬರುತ್ತವೆ, ತೂಕ ಕೊಟ್ಟು ಹಾಡಿದರೆ ಸಾಕು. ಫ್ರೆಂಚಿನ ಮೂಗಿನ ಸ್ವರಕ್ಕೆ ಸೊನ್ನೆ ಬರೆದರೆ ಎಡವಟ್ಟು, ನಮ್ಮ ಬಾಯಿ ತಾನಾಗಿ ಮಕಾರಕ್ಕೋ ನಕಾರಕ್ಕೋ ಮುಚ್ಚಿಕೊಳ್ಳುತ್ತದೆ. ಅಂಥ ಕಡೆ ಸೊನ್ನೆ ಬಿಟ್ಟು, ಸ್ವರದ ಸುತ್ತ ಕೆಂಪು ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿದೆ. ಸುತ್ತು ಕಂಡರೆ ಬಾಯಿ ತೆರೆದೇ ಇರಬೇಕು. ಇನ್ನೊಂದು ಸ್ವರ ಇದೆ. ಅದಕ್ಕೆ ತುಟಿ 'ಊ'ಗೆ ಇಟ್ಟು ಒಳಗೆ 'ಈ' ಅನ್ನಬೇಕು. ಅರೇಬಿಕ್‌ನ ಗಂಟಲಕ್ಷರಗಳಿಗೆ ನಾನು ಕಂಡುಕೊಂಡ ಒಂದು ಉಪಾಯವಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ದಾಲಿದಾಳದು ತಗ್ಗಿನ ದಪ್ಪ ದನಿ. ನಾವು ಮೇಲಿನ ಸ್ಥಾಯಿಯಲ್ಲಿ ಹಾಡಿ ಹಾಡಿ ಕೆಳಗಿನದನ್ನು ಮರೆತಿರುತ್ತೇವೆ, ಅಲ್ವಾ? ಬೆಳಿಗ್ಗೆ ಎದ್ದ ಕೂಡಲೇ ಕೆಳಗಿನ ಪಂಚಮದಲ್ಲಿ ಸಾಧನೆ ಮಾಡಿದೆ. ಆರು ತಿಂಗಳಾದ ಮೇಲೆ ಫಲ ಸಿಕ್ಕಿತು. ನಮ್ಮ ವಲಯದಲ್ಲಿ ಆ ಸ್ಕೇಲ್‌ನಲ್ಲಿ ತುಂಬು ದನಿಯಿಂದ ಹಾಡುವ ಹೆಂಗಸರು ಜಾಸ್ತಿ ಇಲ್ಲ ಅಂತ ಧೈರ್ಯವಾಗಿ ಹೇಳ್ತೀನಿ.

ಕಾರ್ಯಕ್ರಮ ಕೈಗೆ ಹತ್ತಿದ್ದು ವರ್ಷಗಳನ್ನು ಬಿಟ್ಟು ಭಾಷೆಗಳನ್ನು ಹಿಡಿದ ಮೇಲೆ. ಈಗ 1986ರಿಂದ ಶುರು ಮಾಡುತ್ತೇನೆ. ಆ ವರ್ಷ ಈಜಿಪ್ಟಿನ ನಿರ್ದೇಶಕ ಯೂಸುಫ್ ಶಾಹೀನ್ ಅವರ 'ಆರನೆಯ ದಿನ' ಸಿನಿಮಾದಲ್ಲಿ ಆಕೆ ಬಟ್ಟೆ ಒಗೆಯುವ ಬಡ ಅಜ್ಜಿ. ಈಜಿಪ್ಟಿನಲ್ಲಿ ಕಾಲರಾ ಬಂದ 1947ರ ಕಥೆ, ರೋಗ ತಗುಲಿದ ಮೊಮ್ಮಗನನ್ನು ಬಚ್ಚಿಟ್ಟು ಕಾಯುತ್ತಾಳೆ. ಆರನೆಯ ದಿನ ದಾಟಿದರೆ ಮಗು ಬದುಕುತ್ತದೆ ಅನ್ನೋ ನಂಬಿಕೆ. ಹೊಳೆಯುವ ಉಡುಪಿನ ತಾರೆ ಕರಿ ಬಟ್ಟೆ ಹೊದ್ದು, ತಾನು ಹುಟ್ಟಿದ ನಾಡಿನ ಮಾತಾದ ಅರೇಬಿಕ್‌ನಲ್ಲಿ ನಟಿಸಿದಳು. ನಾನೂ ಗೌನ್ ಬಿಟ್ಟು, ಆರುನೂರು ರೂಪಾಯಿಯ ಕರಿ ಹತ್ತಿ ಬಟ್ಟೆ ಹೊದ್ದು ನೆಲದ ಮೇಲೆ ಕೂತು ಶುರು ಮಾಡಿದೆ. ಯಾರೂ ಕಾಫಿಗೆ ಏಳಲಿಲ್ಲ.

ಅಲ್ಲಿಂದ ಇಟಾಲಿಯನ್‌ಗೆ, ಅಂದರೆ ಅಪ್ಪನ ಪಿಟೀಲಿಗೆ ಮತ್ತು ಶಿಬಿರಕ್ಕೆ. ಆಮೇಲೆ ಫ್ರೆಂಚ್. ಪ್ಯಾರಿಸ್ಸಿನಲ್ಲಿ ಸಿನಿಮಾ ಅವಕಾಶ ಸಿಗದೆ ಹಾಡಿನ ಪಾಠಕ್ಕೆ ಸೇರಿದ್ದು, ಕ್ಯಾಬರೆಗಳಲ್ಲಿ ಹಾಡಿದ್ದು, 1956ರಲ್ಲಿ ಅಲ್ಲಿನ ಹೆಸರಾಂತ ಸಂಗೀತ ಸಭಾಂಗಣ ಒಲಿಂಪಿಯಾದ ಹೊಸಬರ ಸ್ಪರ್ಧೆಯಲ್ಲಿ, ಆ ಸಭಾಂಗಣ ನಡೆಸುತ್ತಿದ್ದ ಬ್ರೂನೊ ಕೊಕಾತ್ರಿಕ್ಸ್, ರೆಕಾರ್ಡ್ ಕಂಪನಿಯ ಎಡ್ಡಿ ಬಾರ್ಕ್ಲೆ, ರೇಡಿಯೋದ ಲ್ಯೂಸಿಯೆನ್ ಮೊರಿಸ್ ಕಣ್ಣಿಗೆ ಬಿದ್ದದ್ದು. ಅದೇ ವರ್ಷ 'ಬಂಬೀನೋ' ಬಂತು. ಅದು ನಾಪೊಲಿಯ ಹಾಡು, ಮಾತು ಫ್ರೆಂಚ್, ಹಾಡಿದವಳು ಕೈರೋದವಳು. ಇಷ್ಟು ಹೇಳಿ ಹಾಡು ಎತ್ತಿಕೊಂಡರೆ ಚಪ್ಪಾಳೆ ತಾನಾಗಿ ಬರುತ್ತದೆ. 1977ರ 'ಸಲ್ಮಾ ಯಾ ಸಲಾಮಾ'ವನ್ನು ಕೊನೆಗೆ ಇಟ್ಟೆ. ಆಕೆ ಅದನ್ನು ಅರೇಬಿಕ್ ಅಲ್ಲದೆ ಫ್ರೆಂಚ್, ಇಟಾಲಿಯನ್, ಜರ್ಮನ್‌ನಲ್ಲೂ ಹಾಡಿದ್ದಾಳೆ. ನಾನು ಮೊದಲ ಮೂರನ್ನು ಒಂದೇ ಓಟದಲ್ಲಿ ಹಾಡುತ್ತೇನೆ.

ಬದುಕಿನ ದುಃಖವನ್ನೇ ಜಾಸ್ತಿ ಹಿಡಿ, ಜನ ಅಳ್ತಾರೆ ಅಂತ ತುಂಬಾ ಜನ ಹೇಳಿದರು. ಪ್ರೀತಿಸಿದವರು ಒಬ್ಬೊಬ್ಬರಾಗಿ ತಾವೇ ಪ್ರಾಣ ಬಿಟ್ಟದ್ದು, 1987ರ ಮೇನಲ್ಲಿ ಪ್ಯಾರಿಸ್ಸಿನ ಮೊಂಮಾರ್ತ್ರ್‌ನ ಮನೆಯಲ್ಲಿ ಆಕೆಯೂ ಹಾಗೇ ಹೋದದ್ದು ನಿಜ. ಅದಕ್ಕೆ ಎರಡೇ ವಾಕ್ಯ ಕೊಟ್ಟೆ. ಮೂವತ್ತು ವರ್ಷ ಹೊಸ ಹೊಸ ಶೈಲಿ ಕಲಿಯುತ್ತಾ, ಡಿಸ್ಕೊ ಬಂದಾಗ ನಲವತ್ತು ದಾಟಿದ ಮೇಲೂ ಕುಣಿದು ಹಾಡಿದ ದುಡಿಮೆ ಇದೆಯಲ್ಲ, ನನಗೆ ಅದು ದೊಡ್ಡದು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಅಕಾರ್ಡಿಯನ್ ಬಾಡಿಗೆ ದುಬಾರಿ ಅಂತ ಹಾರ್ಮೋನಿಯಂ ಇಟ್ಟು ನೋಡಿದೆವು. ನಿಧಾನದ ಹಾಡಿಗೆ ಚೆನ್ನಾಗಿತ್ತು. ವೇಗಕ್ಕೆ ಒಂದು ಕೈ ತಿದಿಗೇ ಹೋಗುವುದರಿಂದ ಸಾಲದು. ಈಗ ಹುಡುಗ ಕೀಬೋರ್ಡಿನಲ್ಲೇ ಆ ದನಿ ಕೂರಿಸಿದ್ದಾನೆ. 'ಬಂಬೀನೋ'ಗೆ ಕನ್ನಡ ಸಾಹಿತ್ಯ ಬರೆಸಿ ಹಾಡಿದ್ದೂ ಉಂಟು, ಹಾಡಿನ ತುಂಟತನವೇ ಹೋಯಿತು.

ಟಿಕೆಟ್ ಇನ್ನೂರೈವತ್ತು. ಕಳೆದ ಸಲ ಎಲ್ಲರಿಗೂ ಕೊಟ್ಟು ಒಂಬತ್ತು ಹತ್ತು ಸಾವಿರ ಉಳಿಯಿತು. ಮುಂದಿನದು ಮೈಸೂರಿನಲ್ಲಿ ಮಾಡುವ ಯೋಚನೆ ಇದೆ, ಈ ಸಲ ನಿಜವಾದ ಮ್ಯಾಂಡೊಲಿನ್ ಬೇಕೇ ಬೇಕು. ನುಡಿಸುವವರು ಯಾರಾದರೂ ಆ ಕಡೆ ಇದ್ದರೆ ತಿಳಿಸಿ, ಸಂಭಾವನೆ ಅವತ್ತೇ ಕೈಗೆ ಕೊಡುತ್ತೇನೆ.