ಆಫ್ರಿಕಾದ ಭೂಪಟವನ್ನು ಮಕ್ಕಳಿಗೆ ಓದಿಸುವ ಕ್ರಮ

ಮುಂಬಯಿಯ ಕನ್ನಡ ಮಾಧ್ಯಮದ ಮಕ್ಕಳಿಗೂ, ಇಂಗ್ಲಿಷ್ ಶಾಲೆಗೆ ಹೋಗಿ ಮನೆಯಲ್ಲಿ ಕನ್ನಡದಲ್ಲಿ ಪಾಠ ಕೇಳುವ ಮಕ್ಕಳಿಗೂ ಆಫ್ರಿಕಾ ಎಂದರೆ ಹೆಚ್ಚಾಗಿ ಐವತ್ತಕ್ಕೂ ಮಿಕ್ಕಿದ ದೇಶಗಳ ಬಾಯಿಪಾಠ. ಕಲಿಸಹೊರಟ ಹಿರಿಯರು ಆ ಪಟ್ಟಿಯನ್ನು ಬದಿಗಿಟ್ಟು ನೆಲದ ಎತ್ತರದಿಂದ ಆರಂಭಿಸುವುದು ಲೇಸು. ಎತ್ತರ ತಿಳಿದರೆ ನೀರಿನ ದಾರಿ ತಿಳಿಯುತ್ತದೆ. ನೀರಿನ ದಾರಿ ತಿಳಿದರೆ ಜನ ಎಲ್ಲಿ, ಏಕೆ ನೆಲೆಸಿದರೆಂಬುದು ತಾನಾಗಿ ಹೊಳೆಯುತ್ತದೆ.

ಒಂದು ಪ್ರಾಕೃತಿಕ ಭೂಪಟ, ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಕೆಲವು ಖಾಲಿ ನಕ್ಷೆಗಳು, ಬಣ್ಣದ ಪೆನ್ಸಿಲುಗಳು ಸಾಕು. ಭೂಗೋಳದ ಮಾದರಿಯೊಂದು (ಗ್ಲೋಬ್) ದೊರೆತರೆ ಇನ್ನೂ ಒಳ್ಳೆಯದು. ಏಕೆಂದರೆ ಹಲವು ಗೋಡೆ ನಕ್ಷೆಗಳಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ, ನಿಜದಲ್ಲಿ ಸುಮಾರು 3 ಕೋಟಿ ಚದರ ಕಿಲೋಮೀಟರ್ ವಿಸ್ತಾರದ ಆಫ್ರಿಕಾ ಅದರ 14 ಪಟ್ಟು ದೊಡ್ಡದು.

ಮೊದಲು ಖಾಲಿ ನಕ್ಷೆಯ ಮೇಲೆ ಸಮಭಾಜಕ ವೃತ್ತ, ಕರ್ಕಾಟಕ ವೃತ್ತ, ಮಕರ ವೃತ್ತಗಳನ್ನು ಎಳೆಯಿಸಿ. ಈ ಮೂರೂ ಹಾದುಹೋಗುವ ಖಂಡ ಇದೊಂದೇ. ನಡುವಿನ ಗೆರೆಯ ಬಳಿ ದಟ್ಟ ಮಳೆಕಾಡಿಗೆ ಹಸಿರು, ಉತ್ತರದ ಸಹಾರಾಕ್ಕೂ ದಕ್ಷಿಣದ ನಮೀಬ್ ಮತ್ತು ಕಲಹಾರಿಗೂ ಹಳದಿ ಬಳಿದರೆ, ಗೆರೆಯ ಎರಡು ಕಡೆಯೂ ಒಣನೆಲ ಇರುವುದನ್ನು ಮಗುವೇ ಗುರುತಿಸುತ್ತದೆ. ಆಗ ನೈರೋಬಿಯನ್ನು ತೋರಿಸಿ, ಸಮಭಾಜಕ ವೃತ್ತಕ್ಕೆ ಇಷ್ಟು ಹತ್ತಿರವಿದ್ದೂ ಅಲ್ಲಿ ತಂಪಾದ ಹವೆ ಏಕೆಂದು ಕೇಳಿ. ಅದು ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಕೆನ್ಯಾದ ಚಹಾ ಮತ್ತು ಕಾಫಿ ಬೆಳೆಯುವುದೂ ಇಂಥ ಎತ್ತರದ ನೆಲದಲ್ಲೇ.

ಆಫ್ರಿಕಾದ ಬಹುಭಾಗ ಪ್ರಸ್ಥಭೂಮಿ, ಅದರ ಅಂಚು ಹಲವೆಡೆ ಕಡಲ ಸಮೀಪದಲ್ಲೇ ಕಡಿದಾಗಿ ಇಳಿಯುತ್ತದೆ. ಇದನ್ನು ವಿವರಿಸಲು ಮುಂಬಯಿ ಕನ್ನಡಿಗರಿಗೆ ಊರಿನ ರೈಲು ದಾರಿಯೇ ಇದೆ. ಕಲಬುರಗಿಯ ಕಡೆಗೆ ಹೋಗುವ ಗಾಡಿಗೆ ಪಶ್ಚಿಮ ಘಟ್ಟದ ಬುಡದ ಕರ್ಜತ್‌ನಲ್ಲಿ ಹಿಂದಿನಿಂದ ದೂಡುವ ಎಂಜಿನುಗಳನ್ನು ಜೋಡಿಸುತ್ತಾರೆ. ಸುರಂಗಗಳ ಸಾಲನ್ನು ದಾಟಿ ಗಾಡಿ 600 ಮೀಟರಿಗೂ ಎತ್ತರದ ಲೋಣಾವಳವನ್ನು ಸೇರಿದ ಮೇಲೆ, ಏರಿದಷ್ಟು ಮತ್ತೆ ಇಳಿಯುವುದೇ ಇಲ್ಲ. ಮುಂದಿನ ರಜೆಯಲ್ಲಿ ಮಗುವನ್ನು ಕಿಟಕಿಯ ಬಳಿ ಕೂರಿಸಿ ಇದನ್ನು ತೋರಿಸಿ, ಬಳಿಕ ಕಾಂಗೋ ನದಿಯನ್ನು ಬಿಡಿಸಿ. ಒಳನಾಡಿನಲ್ಲಿ ಕಿಸಂಗಾನಿಯಿಂದ ಕಿನ್ಷಾಸಾವರೆಗೆ ಸುಮಾರು 1,700 ಕಿಲೋಮೀಟರ್ ದೋಣಿ ಸಾಗುವ ಆ ಮಹಾನದಿ, ಕಡಲಿಗೆ ಇಳಿಯುವ ಮುನ್ನ ಸಾಲು ಜಲಪಾತಗಳಾಗಿ ಧುಮುಕುತ್ತದೆ. ಕಡಲಿನಿಂದ ಬರುವ ಹಡಗುಗಳು ಆ ಜಲಪಾತಗಳ ಕೆಳಗಿನ ಮಟಾಡಿ ಬಂದರಿನಲ್ಲೇ ನಿಲ್ಲಬೇಕಾದ್ದರಿಂದ ಅಲ್ಲಿಂದ ಕಿನ್ಷಾಸಾವರೆಗಿನ ತುಂಡಿಗೆ ರೈಲು ಹಾಕಬೇಕಾಯಿತು, ಅದು 1898ರಲ್ಲಿ ಮುಗಿಯಿತು. ಅದನ್ನು ಕಟ್ಟುವಾಗ ಬೆಲ್ಜಿಯಂ ದೊರೆಯ ಆಳ್ವಿಕೆಯಡಿ ಅಪಾರ ಕೂಲಿಗಳು ಸತ್ತರೆಂಬುದನ್ನು ಮಕ್ಕಳಿಂದ ಮುಚ್ಚಿಡಬಾರದು.

ನೈಲ್ ನದಿಗೆ ಹೆಚ್ಚು ಸಮಯ ಕೊಡಿ. ವಿಕ್ಟೋರಿಯಾ ಸರೋವರದ ಕಡೆಯಿಂದ ಬರುವ ಬಿಳಿ ನೈಲ್ ಮತ್ತು ಇಥಿಯೋಪಿಯಾದ ಎತ್ತರದಿಂದ ಬರುವ ನೀಲಿ ನೈಲ್‌ಗಳಿಗೆ ಬೇರೆ ಬೇರೆ ಬಣ್ಣ ಬಳಿಯಿಸಿ, ಎರಡನ್ನೂ ಖಾರ್ಟೂಮಿನಲ್ಲಿ ಕೂಡಿಸಿ. ಈಜಿಪ್ಟಿನ ಬಹುತೇಕ ಜನ ನದಿಯ ಎರಡು ದಡಗಳಲ್ಲೂ ಮುಖಜಭೂಮಿಯಲ್ಲೂ ಕಿಕ್ಕಿರಿದಿದ್ದಾರೆ. ಇಥಿಯೋಪಿಯಾದ ಮಳೆಗಾಲದ ನೀರು ಪ್ರತಿವರ್ಷ ಅವರ ಹೊಲಗಳಿಗೆ ಮೆಕ್ಕಲು ಹೊತ್ತು ತರುತ್ತಿತ್ತು. 1970ರಲ್ಲಿ ಅಸ್ವಾನ್ ಅಣೆಕಟ್ಟು ಪೂರ್ಣಗೊಂಡ ಬಳಿಕ ವರ್ಷವಿಡೀ ನೀರೂ ವಿದ್ಯುತ್ತೂ ದೊರೆತವು, ಆದರೆ ಮೆಕ್ಕಲು ಜಲಾಶಯದಲ್ಲೇ ಉಳಿದು ರೈತರು ರಸಗೊಬ್ಬರವನ್ನು ನೆಚ್ಚಬೇಕಾಯಿತು. ಇಥಿಯೋಪಿಯಾ ಮೇಲ್ಗಡೆ ಕಟ್ಟಿದ ದೊಡ್ಡ ಅಣೆಕಟ್ಟು 2025ರಲ್ಲಿ ಉದ್ಘಾಟನೆಯಾಯಿತು. ಕಾವೇರಿ, ಕೃಷ್ಣೆಯರ ವಾದವನ್ನು ಕೇಳುತ್ತ ಬೆಳೆದ ಮನೆಗಳಲ್ಲಿ ಇದಕ್ಕೆ ಹೆಚ್ಚಿನ ವಿವರಣೆ ಬೇಕಾಗದು.

ಸಹಾರಾದ ದಕ್ಷಿಣಕ್ಕೆ ಪಟ್ಟಿಯಂತೆ ಹಬ್ಬಿರುವ ಸಾಹೇಲ್ ಪ್ರದೇಶವನ್ನು ಬರಗಾಲದ ನೆಲವೆಂದಷ್ಟೇ ಹೇಳಿ ಮುಗಿಸಬೇಡಿ. ಬುರ್ಕಿನಾ ಫಾಸೊದ ರೈತರು ಗಟ್ಟಿಯಾದ ನೆಲದಲ್ಲಿ ಬೇಸಿಗೆಯಲ್ಲೇ ಸಣ್ಣ ಗುಣಿಗಳನ್ನು ತೋಡಿ ಗೊಬ್ಬರ ಹಾಕುತ್ತಾರೆ. ಗೊಬ್ಬರಕ್ಕೆ ಬರುವ ಗೆದ್ದಲು ಮಣ್ಣನ್ನು ಕೊರೆದು ಸಡಿಲಗೊಳಿಸುತ್ತದೆ, ಮೊದಲ ಮಳೆ ಹರಿದುಹೋಗದೆ ಗುಣಿಯಲ್ಲಿ ನಿಲ್ಲುತ್ತದೆ, ಅಲ್ಲಿ ಜೋಳ ಅಥವಾ ಸಜ್ಜೆ ಮೊಳೆಯುತ್ತದೆ.

ಕೊನೆಯದಾಗಿ ಜೋಳ ಮತ್ತು ರಾಗಿಯ ತವರನ್ನು ಗುರುತಿಸಲು ಹೇಳಿ. ಜೋಳವನ್ನು ಸೂಡಾನಿನ ಕಡೆ, ರಾಗಿಯನ್ನು ಇಥಿಯೋಪಿಯಾದಿಂದ ಉಗಾಂಡದವರೆಗಿನ ಎತ್ತರದ ನೆಲದಲ್ಲಿ ಮೊದಲು ಬೆಳೆದರು. ಎರಡೂ ಜಾಗಗಳ ಎತ್ತರ ಮತ್ತು ಮಳೆಯನ್ನು ತನ್ನದೇ ನಕ್ಷೆಯಿಂದ ಓದಿ ಹೇಳಬಲ್ಲ ಮಗುವಿಗೆ ದೇಶಗಳ ಹೆಸರುಗಳನ್ನು ಆಮೇಲೆ ಕಲಿಸಬಹುದು.