ಬಿಲ್ಲೆಯಲ್ಲಿ ಕರೆಂಟ್ ಹರಿಯುತ್ತಿತ್ತಾ?

ಗ್ರಾಫಿನಲ್ಲಿ ರೋಧ, ಅಂದರೆ ಕರೆಂಟಿಗೆ ವಸ್ತು ಒಡ್ಡುವ ತಡೆ, ಸೊನ್ನೆಗೆ ಬಿದ್ದ ತಕ್ಷಣ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಥರ್ಮಾಮೀಟರ್ ಸುಮಾರು 140 ಕೆಲ್ವಿನ್, ಅಂದರೆ ಮೈನಸ್ 133 ಡಿಗ್ರಿ ಸೆಲ್ಸಿಯಸ್, ತೋರಿಸುತ್ತಿತ್ತು. ನಾನೇ ಅರೆದು, ನಾನೇ ಸುಟ್ಟು ಮಾಡಿದ ಕಪ್ಪು ಬಿಲ್ಲೆ ಅದು. ಲ್ಯಾಬಿನಲ್ಲಿದ್ದ ಎಲ್ಲರನ್ನೂ ಕರೆದೆ. ಕೊನೆಗೆ ನಮ್ಮ ಗೈಡ್ ಮೇಡಂ ಬಂದರು. ಪರದೆಯನ್ನು ಒಂದು ನಿಮಿಷ ನೋಡಿದರು. ಕೇಳಿದ್ದು ಒಂದೇ ಮಾತು: "ಬಿಲ್ಲೆಯಲ್ಲಿ ಕರೆಂಟ್ ಹರೀತಿತ್ತಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮದು ವಿಶ್ವವಿದ್ಯಾಲಯದ ಕಂಡೆನ್ಸ್ಡ್ ಮ್ಯಾಟರ್ ಗುಂಪು. ಘನವಸ್ತುಗಳ ಒಳಗೆ ಎಲೆಕ್ಟ್ರಾನ್‌ಗಳು ಹೇಗೆ ನಡೆದುಕೊಳ್ಳುತ್ತವೆ ಎಂದು ನೋಡುವುದು ನಮ್ಮ ಕೆಲಸ. ಗುಂಪಿಗೆ ಸೇರಿದವರೆಲ್ಲ ಮೊದಲು ಒಂದು ಅತಿವಾಹಕವನ್ನು, ಅಂದರೆ ಸಾಕಷ್ಟು ತಂಪಾದಾಗ ರೋಧವೇ ಇಲ್ಲದೆ ಕರೆಂಟ್ ಹರಿಯಬಿಡುವ ವಸ್ತುವನ್ನು, ಸ್ವಂತ ಕೈಯಿಂದ ಮಾಡಿ, ಅಳೆದು ತೋರಿಸಬೇಕು. ನನಗೆ ಸಿಕ್ಕಿದ್ದು ವೈಬಿಸಿಓ, ಅಂದರೆ ಯಿಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕ ಸೇರಿದ ವಸ್ತು. 1911ರಲ್ಲಿ ಕಾಮರ್ಲಿಂಗ್ ಆನ್ನೆಸ್ ಪಾದರಸದಲ್ಲಿ ಅತಿವಾಹಕತೆ ಕಂಡದ್ದು ಸುಮಾರು 4.2 ಕೆಲ್ವಿನ್‌ನಲ್ಲಿ. ಅಷ್ಟು ತಂಪಿಗೆ ದ್ರವ ಹೀಲಿಯಂ ಬೇಕು. 1986ರಲ್ಲಿ ಬೆಡ್ನಾರ್ಟ್ಸ್ ಮತ್ತು ಮ್ಯೂಲರ್ ತಾಮ್ರದ ಆಕ್ಸೈಡ್‌ಗಳಲ್ಲಿ ಇನ್ನೂ ಹೆಚ್ಚಿನ ತಾಪದ ಅತಿವಾಹಕತೆಗೆ ದಾರಿ ತೆರೆದರು. 1987ರಲ್ಲಿ ಮೌ-ಕುಎನ್ ವು ಮತ್ತು ಪಾಲ್ ಚು ಅವರ ತಂಡಗಳು ವೈಬಿಸಿಓದಲ್ಲಿ 90 ಕೆಲ್ವಿನ್ ದಾಟಿದವು. ದ್ರವ ನೈಟ್ರೋಜನ್ 77 ಕೆಲ್ವಿನ್‌ನಲ್ಲಿ ಕುದಿಯುತ್ತದೆ. ಹಾಗಾಗಿ ಹೊಸ ವಿದ್ಯಾರ್ಥಿಯೂ ಇದನ್ನು ಅಳೆಯಬಹುದು.

ಮಾಡುವ ಕ್ರಮ ಹೇಳಲು ಸುಲಭ. ಯಿಟ್ರಿಯಂ ಆಕ್ಸೈಡ್, ಬೇರಿಯಂ ಕಾರ್ಬೊನೇಟ್, ತಾಮ್ರದ ಆಕ್ಸೈಡ್. ಲೋಹಗಳ ಪರಮಾಣುಗಳ ಲೆಕ್ಕ 1:2:3 ಬರುವ ಹಾಗೆ ತೂಗಬೇಕು. ಬೇರಿಯಂ ಕಾರ್ಬೊನೇಟ್ ವಿಷ, ಮಾಸ್ಕ್ ಮತ್ತು ಕೈಗವಸು ಇಲ್ಲದೆ ಮುಟ್ಟಬೇಡಿ. ಅಗೇಟ್ ಕುಟ್ಟಾಣಿಯಲ್ಲಿ ನುಣ್ಣಗೆ ಅರೆದು, ಅಲ್ಯುಮಿನಾ ಮೂಸೆಯಲ್ಲಿಟ್ಟು 900 ಡಿಗ್ರಿ ಸೆಲ್ಸಿಯಸ್‌ಗಿಂತ ಸ್ವಲ್ಪ ಮೇಲೆ ಸುಡುವುದು. ಮತ್ತೆ ಅರೆಯುವುದು, ಮತ್ತೆ ಸುಡುವುದು. ಬಿಲ್ಲೆ ಒತ್ತಿ ಇನ್ನೊಮ್ಮೆ ಸುಡುವುದು. ಪುಡಿಯಲ್ಲಿ ಹಸಿರು ಕಂಡರೆ ಬೇರೆಯದೇ ಸಂಯುಕ್ತ ಆಗಿದೆ ಎಂದು ಅರ್ಥ. ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ನನ್ನದು ಪೂರ್ತಿ ಕಪ್ಪಾಗಿತ್ತು. ಕುಲುಮೆಗೆ ಬೇರೊಬ್ಬರ ಸರದಿ ಬಂದಿದ್ದರಿಂದ ಬಿಲ್ಲೆಯನ್ನು ಬಿಸಿ ಇರುವಾಗಲೇ ಹೊರತೆಗೆದೆ. ಆ ವಿಷಯ ಆಮೇಲೆ ಹೇಳುತ್ತೇನೆ.

ಅಳೆಯುವುದು ನಾಲ್ಕು ತಂತಿಗಳಿಂದ. ಹೊರಗಿನ ಎರಡು ತಂತಿಗಳಲ್ಲಿ ಕರೆಂಟ್ ಕಳಿಸುತ್ತೇವೆ, ಒಳಗಿನ ಎರಡರಿಂದ ವೋಲ್ಟೇಜ್ ಓದುತ್ತೇವೆ. ತಂತಿ ಅಂಟಿಸಿದ ಜಾಗದಲ್ಲೇ ಕೆಲವು ಓಮ್ ರೋಧ ಇರುತ್ತದೆ. ಒಳ್ಳೆಯ ಬಿಲ್ಲೆಯ ತುಂಡಿನ ರೋಧವೋ, ಒಂದು ಓಮ್‌ನ 50ನೇ ಒಂದು ಭಾಗದಷ್ಟು. ಎರಡೇ ತಂತಿ ಬಳಸಿದರೆ ನಾವು ಅಳೆಯುವುದು ಅಂಟನ್ನು, ಬಿಲ್ಲೆಯನ್ನಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಇಷ್ಟೇ: ಹೊರಗಿನ ಒಂದು ತಂತಿ ಕಿತ್ತು ಬಂದರೆ ಬಿಲ್ಲೆಯಲ್ಲಿ ಕರೆಂಟೇ ಇರುವುದಿಲ್ಲ. ಕರೆಂಟ್ ಇಲ್ಲದಿದ್ದರೆ ವೋಲ್ಟೇಜೂ ಇಲ್ಲ. ನಮ್ಮ ಪ್ರೋಗ್ರಾಂ ಮಾತ್ರ ತಾನು ಕೇಳಿದ 10 ಮಿಲಿಆಂಪಿಯರ್ ಹರಿಯುತ್ತಿದೆ ಎಂದೇ ಲೆಕ್ಕ ಹಾಕಿ ರೋಧ ಸೊನ್ನೆ ಎಂದು ಬರೆದುಬಿಡುತ್ತದೆ.

ಬಿಲ್ಲೆ ಹೊರತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ತಂತಿ ಅಂಟಿಸಿದ್ದ ಸಿಲ್ವರ್ ಪೇಂಟಿನ ಒಂದು ಚುಕ್ಕಿ ಬಿರುಕು ಬಿಟ್ಟು, ತಂತಿ ಪಕ್ಕಕ್ಕೆ ಸರಿದಿತ್ತು. ತಂಪಾಗುವಾಗ ಪೇಂಟು, ತಂತಿ, ಬಿಲ್ಲೆ ಮೂರೂ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ. ನಾನು ತಂತಿಯನ್ನು ಬಿಗಿಯಾಗಿ ಎಳೆದು ಅಂಟಿಸಿದ್ದೆ.

ಆ ವಾರದ ಮೀಟಿಂಗ್‌ನಲ್ಲಿ ಇದೇ ಗ್ರಾಫ್ ಹಾಕಿ ಮಾತಾಡು ಎಂದರು ಮೇಡಂ. ನನಗೆ ತುಂಬಾ ಕಷ್ಟವಾಯಿತು. ಆದರೆ ನಾನು ಗಮನಿಸದ ಇನ್ನೊಂದು ವಿಷಯ ಹೊರಬಿದ್ದದ್ದು ಅಲ್ಲೇ. ಸೊನ್ನೆಗೆ ಬೀಳುವ ಮೊದಲು ನನ್ನ ಗೆರೆ ಮೇಲಕ್ಕೆ ಹೋಗುತ್ತಿತ್ತು. ತಂಪಾದಷ್ಟೂ ರೋಧ ಜಾಸ್ತಿ. ಚೆನ್ನಾಗಿ ಆದ ವೈಬಿಸಿಓ ಲೋಹದ ಹಾಗೆ ಇಳಿಯುತ್ತಾ ಬರಬೇಕು, ಅಲ್ವಾ? "ಕುಲುಮೆಯಿಂದ ಯಾವಾಗ ತೆಗೆದೆ?" ಎಂದು ಸೀನಿಯರ್ ಒಬ್ಬರು ಕೇಳಿದರು. ಅಲ್ಲಿಗೆ ಎಲ್ಲ ಗೊತ್ತಾಯಿತು.

ಈ ವಸ್ತುವಿನ ಜೀವ ಇರುವುದು ಆಮ್ಲಜನಕದಲ್ಲಿ. ಸುಡುವ ಬಿಸಿಯಲ್ಲಿ ಅದು ಆಮ್ಲಜನಕವನ್ನು ಬಿಟ್ಟುಕೊಡುತ್ತದೆ, ನಿಧಾನವಾಗಿ ತಣಿಯುವಾಗ ವಾಪಸ್ ಹೀರಿಕೊಳ್ಳುತ್ತದೆ. ಹೀಗೆ ಬಂದ ಆಮ್ಲಜನಕ ತಾಮ್ರದ ಸರಪಳಿಗಳಲ್ಲಿ ಕೂತು, ಪಕ್ಕದ ತಾಮ್ರ-ಆಮ್ಲಜನಕದ ಪದರಗಳಿಂದ ಎಲೆಕ್ಟ್ರಾನ್‌ಗಳನ್ನು ಎಳೆದುಕೊಳ್ಳುತ್ತದೆ. ಆ ಪದರಗಳಲ್ಲಿ ಉಳಿಯುವ ಖಾಲಿ ಜಾಗಗಳೇ ಕರೆಂಟ್ ಹೊರುತ್ತವೆ. ಬಿಸಿಯಲ್ಲೇ ಹೊರತೆಗೆದರೆ ಹೀರಿಕೊಳ್ಳಲು ಸಮಯವೇ ಸಿಗುವುದಿಲ್ಲ. ಹೊರಗಿನಿಂದ ನೋಡಿದರೆ ಅದೇ ಕಪ್ಪು ಬಿಲ್ಲೆ. ಒಳಗೆ ಅದು ಅತಿವಾಹಕವೇ ಅಲ್ಲ.

ಹಳೆ ಬಿಲ್ಲೆಯನ್ನು ಎಸೆಯಲಿಲ್ಲ. 450 ಡಿಗ್ರಿಯಲ್ಲಿ ಆಮ್ಲಜನಕ ಹರಿಯಬಿಟ್ಟು ಒಂದು ಇಡೀ ದಿನ ಇಟ್ಟೆ. ಆಮೇಲೆ ಕುಲುಮೆಯ ಜೊತೆಗೇ ನಿಧಾನವಾಗಿ ತಣಿಯಲು ಬಿಟ್ಟೆ. ಕುಲುಮೆಯ ಬಾಗಿಲಿಗೆ ನನ್ನ ಹೆಸರಿನ ಚೀಟಿ ಅಂಟಿಸಿದ್ದೆ. ತಂತಿ ಅಂಟಿಸುವ ಮೊದಲು ಮೇಲ್ಮೈಯನ್ನು ಉಪ್ಪು ಕಾಗದದಿಂದ ಉಜ್ಜಿದೆ, ಏಕೆಂದರೆ ಗಾಳಿಯ ತೇವ ತಾಗಿದ ಮೇಲ್ಮೈ ಬೇಗ ಹಾಳಾಗುತ್ತದೆ. ಪ್ರತಿ ತಂತಿಯಲ್ಲೂ ಒಂದು ಸಣ್ಣ ಸುರುಳಿಯಷ್ಟು ಸಡಿಲ ಬಿಟ್ಟೆ. ಮುಖ್ಯವಾಗಿ, ಬಿಲ್ಲೆಯ ಜೊತೆ ಸರಣಿಯಲ್ಲಿ, ಅಂದರೆ ಅದೇ ಕರೆಂಟಿನ ದಾರಿಯಲ್ಲಿ, ಎಷ್ಟು ಓಮ್ ಎಂದು ಗೊತ್ತಿರುವ ಒಂದು ರೋಧಕ ಸೇರಿಸಿ, ಅದರ ವೋಲ್ಟೇಜನ್ನೂ ಪ್ರತಿ ಬಾರಿ ಬರೆದುಕೊಂಡೆ. ಕರೆಂಟ್ ನಿಂತರೆ ಅಲ್ಲೇ ಕಾಣುತ್ತದೆ.

ಪ್ರತಿ ತಾಪದಲ್ಲೂ ಕರೆಂಟಿನ ದಿಕ್ಕು ಬದಲಿಸಿ ಎರಡು ಸಲ ಓದಿದೆ. ತಂತಿಯ ಎರಡು ತುದಿಗಳ ತಾಪ ಬೇರೆ ಇದ್ದರೆ ಸುಮ್ನೆ ಕೆಲವು ಮೈಕ್ರೋವೋಲ್ಟ್ ಹುಟ್ಟಿಕೊಳ್ಳುತ್ತದೆ. ದಿಕ್ಕು ಬದಲಿಸಿ ಕಳೆದರೆ ಅದು ಹೋಗುತ್ತದೆ. ಬೇಗ ತಣಿಸಿದಾಗ ರೋಧ 84 ಕೆಲ್ವಿನ್‌ನಲ್ಲಿ ಬಿತ್ತು, ಬಿಸಿ ಮಾಡುವಾಗ 95ರಲ್ಲಿ ಎದ್ದಿತು. ಥರ್ಮಾಮೀಟರ್ ಮತ್ತು ಬಿಲ್ಲೆ ಒಂದೇ ತಾಪದಲ್ಲಿ ಇರಲಿಲ್ಲ ಎಂದರ್ಥ. ಎರಡನ್ನೂ ಒಂದೇ ತಾಮ್ರದ ತುಂಡಿಗೆ ಕೂರಿಸಿ, ಗಂಟೆಗಟ್ಟಲೆ ನಿಧಾನಿಸಿದ ಮೇಲೆ ಎರಡೂ ಗೆರೆಗಳು 91ರ ಹತ್ತಿರ ಒಂದಾದವು. ಸರಣಿಯ ರೋಧಕದಲ್ಲಿ 10 ಮಿಲಿಆಂಪಿಯರ್ ಹಾಗೇ ಹರಿಯುತ್ತಿತ್ತು. ಈ ಸಲ ನಾನು ಯಾರನ್ನೂ ಕರೆಯಲಿಲ್ಲ. ಇನ್ನೆರಡು ಸಲ ಅಳೆದು, ಆಮೇಲೆ ಮೇಡಂ ಹತ್ತಿರ ಹೋದೆ. ವರದಿಯಲ್ಲಿ "ಸೊನ್ನೆ" ಎಂದು ಬರೆದಿದ್ದನ್ನು ಅವರು ಹೊಡೆದುಹಾಕಿ "10 ಮೈಕ್ರೋಓಮ್‌ಗಿಂತ ಕಡಿಮೆ" ಎಂದು ಬರೆದರು. ನಮ್ಮ ಮೀಟರ್‌ಗೆ ಕಾಣುವುದು ಅಷ್ಟೇ. ಅದು ಸರಿಯಾದ ಮಾತು.

2023ರ ಜುಲೈಯಲ್ಲಿ ಎಲ್‌ಕೆ-99 ಎಂಬ ವಸ್ತುವಿನ ಸುದ್ದಿ ಬಂದಾಗ ಗುಂಪಿನಲ್ಲಿ ಬೇರೆ ಮಾತೇ ಇರಲಿಲ್ಲ. ಕೋಣೆಯ ತಾಪದಲ್ಲೇ ಅತಿವಾಹಕ ಎಂಬ ಮಾತು ಕೇಳಿದರೆ ಯಾರಿಗೆ ಆಸೆ ಆಗುವುದಿಲ್ಲ? ಗ್ರಾಫ್‌ಗಳನ್ನು ಮುದ್ರಿಸಿ ಮೇಜಿನ ಮೇಲೆ ಹರಡಿಕೊಂಡು ಕೂತೆವು. ರೋಧ ಇದ್ದಕ್ಕಿದ್ದಂತೆ ಬೀಳಲು ಇನ್ನೇನು ಕಾರಣ ಇರಬಹುದು ಎಂದು ಒಬ್ಬೊಬ್ಬರೂ ಹೇಳಬೇಕಿತ್ತು. ಕೆಲವೇ ವಾರಗಳಲ್ಲಿ ಬೇರೆ ತಂಡಗಳು ಕಾರಣ ತೋರಿಸಿದವು. ಅದರಲ್ಲಿ ಬೆರೆತಿದ್ದ ತಾಮ್ರದ ಸಲ್ಫೈಡ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಸುತ್ತ ತನ್ನ ರಚನೆ ಬದಲಿಸುತ್ತದೆ, ರೋಧ ಅಲ್ಲೇ ಕುಸಿಯುತ್ತದೆ. ಅದನ್ನು ಓದುವಾಗ ನನಗೆ ನನ್ನ 140 ಕೆಲ್ವಿನ್ ಗ್ರಾಫ್ ನೆನಪಾಗಿತ್ತು.

ಈಗ ನಾನು ಬೇಕೆಂದೇ ಆಮ್ಲಜನಕ ಕಡಿಮೆ ಇರುವ ಬಿಲ್ಲೆಗಳನ್ನು ಮಾಡುತ್ತಿದ್ದೇನೆ. ಅಳತೆ ನೋಡಿ ಆಮ್ಲಜನಕ ಕಡಿಮೆ ಮಾಡಿದರೆ ಅತಿವಾಹಕತೆ 60 ಕೆಲ್ವಿನ್ ಸುತ್ತ ಬಂದು ನಿಲ್ಲುತ್ತದೆ, ಇನ್ನೂ ಕಡಿಮೆ ಮಾಡಿದರೆ ಪೂರ್ತಿ ಮಾಯವಾಗುತ್ತದೆ. ಆ ನಡುವಿನ ಜಾಗವನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ನೋಡಬೇಕು. ನೈಟ್ರೋಜನ್ ಇದಕ್ಕೆ ಸಾಲದು. ಇನ್ನೂ ತಂಪಿಗೆ ಇಳಿಸುವ ಹೀಲಿಯಂ ಕ್ರಯೋಸ್ಟಾಟ್ ಉಪಕರಣದ ಸರದಿ ಪಟ್ಟಿಯಲ್ಲಿ ಹೆಸರು ಬರೆಸಿದ್ದೇನೆ. ಗುಂಪಿಗೆ ಹೊಸದಾಗಿ ಸೇರಿದ ಹುಡುಗಿ ಮೊದಲ ಬಿಲ್ಲೆಗೆ ತಂತಿ ಅಂಟಿಸುತ್ತಿದ್ದಾಳೆ. ಸರಣಿಯ ರೋಧಕ ಎಲ್ಲಿ ಹಾಕಬೇಕು ಎಂದು ನಾನು ಹೇಳುವ ಮೊದಲೇ ಕೇಳಿದಳು.