ಲೈಂಗಿಕ ದೌರ್ಜನ್ಯ: ದೂರು ಕೊಡುವುದು ಹೇಗೆ, ಕಾನೂನಿನ ರಕ್ಷಣೆ ಎಲ್ಲೆಲ್ಲಿದೆ?

2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ನೀಡಿದ ವರದಿಯ ಬೆನ್ನಲ್ಲೇ ಬಂದ 2013ರ ಕ್ರಿಮಿನಲ್‌ ಕಾನೂನು ತಿದ್ದುಪಡಿಯ ಹಲವು ರಕ್ಷಣೆಗಳು, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ (ಅಪರಾಧ, ಶಿಕ್ಷೆಗಳ ಕಾನೂನು) ಮತ್ತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಗಳಲ್ಲೂ (ತನಿಖೆ, ವಿಚಾರಣೆಯ ಕ್ರಮದ ಕಾನೂನು) ಉಳಿದಿವೆ. ಹೆಚ್ಚು ಸುದ್ದಿಯಾದದ್ದು ಶಿಕ್ಷೆಯ ಪ್ರಮಾಣ. ಆದರೆ ಸಂತ್ರಸ್ತೆಗೆ ಮೊದಲ ದಿನವೇ ಬೇಕಾಗುವುದು ಪೊಲೀಸರು ಮತ್ತು ವೈದ್ಯರ ಮೇಲೆ ಕಾನೂನು ಹೊರಿಸಿರುವ ಹೊಣೆಗಳ ತಿಳಿವಳಿಕೆ.

ಮೊದಲ ಹೆಜ್ಜೆ ದೂರು. ಘಟನೆ ಎಲ್ಲೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ದೂರು ಕೊಡಬಹುದು. ‘ಇದು ನಮ್ಮ ಸರಹದ್ದಿಗೆ ಬರುವುದಿಲ್ಲ’ ಎಂದು ವಾಪಸು ಕಳಿಸುವಂತಿಲ್ಲ. ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಸಂತ್ರಸ್ತೆ ಅಂಗವಿಕಲೆಯಾಗಿದ್ದರೆ ಆಕೆಯ ಮನೆಗೆ ಅಥವಾ ಆಕೆ ಹೇಳಿದ ಜಾಗಕ್ಕೆ ಪೊಲೀಸರೇ ಹೋಗಿ, ಹೇಳಿಕೆಯನ್ನು ವಿಡಿಯೊ ಚಿತ್ರೀಕರಣದೊಂದಿಗೆ ದಾಖಲಿಸಬೇಕು. ಇಮೇಲ್‌ ಮುಂತಾದ ವಿದ್ಯುನ್ಮಾನ ಮಾರ್ಗದಲ್ಲಿ ದೂರು ಕಳಿಸಿದವರು ಮೂರು ದಿನಗಳೊಳಗೆ ಸಹಿ ಹಾಕಬೇಕು. ಎಫ್‌ಐಆರ್‌ ಪ್ರತಿಯನ್ನು ಉಚಿತವಾಗಿ ಕೇಳಿ ಪಡೆಯಿರಿ.

ಪ್ರಕರಣಗಳು ಎಡವುವುದು ಬಹುಮಟ್ಟಿಗೆ ಇಲ್ಲಿಯೇ. ದೂರು ಬರೆದುಕೊಳ್ಳದೆ ರಾಜಿಗೆ ಕೂರಿಸುವುದು ಸೌಜನ್ಯವಲ್ಲ. ಅತ್ಯಾಚಾರದಂಥ ಅಪರಾಧಗಳಲ್ಲಿ ಮಾಹಿತಿ ದಾಖಲಿಸಿಕೊಳ್ಳದ ಅಧಿಕಾರಿಗೆ ನ್ಯಾಯ ಸಂಹಿತೆಯ ಕಲಂ 199 ಕನಿಷ್ಠ 6 ತಿಂಗಳು, ಗರಿಷ್ಠ 2 ವರ್ಷಗಳ ಕಠಿಣ ಸಜೆಯನ್ನು ವಿಧಿಸುತ್ತದೆ. ಠಾಣೆಯಲ್ಲಿ ನಿರಾಕರಿಸಿದರೆ ದೂರಿನ ಸಾರಾಂಶವನ್ನು ಅಂಚೆಯಲ್ಲಿ ಪೊಲೀಸ್‌ ವರಿಷ್ಠಾಧಿಕಾರಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅದಕ್ಕೂ ಸ್ಪಂದನೆ ಇಲ್ಲವಾದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಿ.

ಎರಡನೆಯದು ಆಸ್ಪತ್ರೆ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಅತ್ಯಾಚಾರ ಸಂತ್ರಸ್ತೆಗೆ ಉಚಿತ ಚಿಕಿತ್ಸೆಯನ್ನು ತಕ್ಷಣ ಕೊಡಲೇಬೇಕು. ಆಸ್ಪತ್ರೆಯೇ ಪೊಲೀಸರಿಗೆ ತಿಳಿಸಬೇಕು. ದೂರು ದಾಖಲಾದ 24 ಗಂಟೆಗಳೊಳಗೆ, ಆಕೆಯ ಒಪ್ಪಿಗೆ ಪಡೆದೇ ಪರೀಕ್ಷೆ ನಡೆಯಬೇಕು. ವರದಿ 7 ದಿನಗಳಲ್ಲಿ ತನಿಖಾಧಿಕಾರಿಯ ಕೈಸೇರಬೇಕು. ಬಟ್ಟೆಗಳನ್ನು ಒಗೆಯದೆ ಕಾಗದದ ಚೀಲದಲ್ಲಿ ಇಡುವುದು ಒಳ್ಳೆಯದು, ಒಗೆದಾಗಿದ್ದರೂ ದೂರು ಕೊಡಲು ಅಡ್ಡಿಯಿಲ್ಲ. ‘ಎರಡು ಬೆರಳಿನ ಪರೀಕ್ಷೆ’ (ಯೋನಿಯೊಳಗೆ ಬೆರಳಿಟ್ಟು ನೋಡುವುದು) ಮಾಡುವವರು ದುರ್ನಡತೆಯ ತಪ್ಪಿತಸ್ಥರೆಂದು 2022ರಲ್ಲಿ ಸುಪ್ರೀಂ ಕೋರ್ಟ್‌ ಹೇಳಿದೆ, ಅದಕ್ಕೆ ಒಪ್ಪಬೇಕಿಲ್ಲ.

ಮ್ಯಾಜಿಸ್ಟ್ರೇಟರ ಎದುರಿನ ಹೇಳಿಕೆಯನ್ನು ಸಾಧ್ಯವಾದಷ್ಟೂ ಮಹಿಳಾ ಮ್ಯಾಜಿಸ್ಟ್ರೇಟರೇ ದಾಖಲಿಸಬೇಕು. ಅತ್ಯಾಚಾರ ಪ್ರಕರಣದ ತನಿಖೆಗೆ ಎರಡು ತಿಂಗಳ ಗಡುವಿದೆ; ಅದರ ಪ್ರಗತಿಯನ್ನು 90 ದಿನಗಳೊಳಗೆ ಸಂತ್ರಸ್ತೆಗೆ ತಿಳಿಸಬೇಕು. ಅತ್ಯಾಚಾರ ಪ್ರಕರಣದ ವಿಚಾರಣೆ ಮುಚ್ಚಿದ ಕೊಠಡಿಯಲ್ಲಿ ನಡೆಯುತ್ತದೆ. ಸಂತ್ರಸ್ತೆಯ ಗುರುತು ಬಯಲು ಮಾಡುವುದು ಅಪರಾಧ. ವಾಟ್ಸ್‌ಆ್ಯಪ್‌ ಗುಂಪುಗಳಲ್ಲಿ ಹೆಸರು, ಫೋಟೊ ಹಂಚುವವರಿಗೂ ಇದು ಅನ್ವಯಿಸುತ್ತದೆ.

ಸಂತ್ರಸ್ತೆ 18 ವರ್ಷದೊಳಗಿನವಳಾದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯೂ ಅನ್ವಯವಾಗುತ್ತದೆ. ವಯಸ್ಕ ಪತ್ನಿಯ ಮೇಲೆ ಪತಿ ನಡೆಸುವ ಬಲಾತ್ಕಾರವನ್ನು ಮಾತ್ರ ಹೊಸ ಸಂಹಿತೆಯೂ ಅತ್ಯಾಚಾರದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ವರ್ಮಾ ಸಮಿತಿ ಈ ವಿನಾಯಿತಿಯನ್ನು ತೆಗೆಯಲು ಹೇಳಿತ್ತು.

ವಕೀಲರಿಗೆ ದುಡ್ಡು ಎಲ್ಲಿಂದ ತರುವುದೆಂಬ ಚಿಂತೆ ಬೇಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಪರಿಹಾರಧನದ ಅರ್ಜಿಯನ್ನೂ ಅಲ್ಲಿಯೇ ಸಲ್ಲಿಸಬಹುದು. ತುರ್ತು ನೆರವಿಗೆ 112, ಮಹಿಳಾ ಸಹಾಯವಾಣಿಗೆ 181.